ಪರನಾಡಿನಲ್ಲಿ ಊರಿನ ಸಂಘ

ಧಾರವಾಡದಿಂದ ಬೆಳಗಾವಿಯ ಕಡೆಗೆ ಹೊರಟು, ಹೆದ್ದಾರಿಯನ್ನು ಬಿಟ್ಟು ಒಳಗೆ ಹೊರಳಿದರೆ ಸಿಗುವ ಗರಗವು ಎರಡು ಕಾರಣಗಳಿಂದ ನಾಡಿಗೆ ಪರಿಚಿತವಾಗಿದೆ. ಒಂದು, ಶ್ರೀ ಮಡಿವಾಳೇಶ್ವರರ ಮಠ. ಇನ್ನೊಂದು, ಖಾದಿ. ರಾಷ್ಟ್ರಧ್ವಜದ ಬಟ್ಟೆಯನ್ನು ನೇಯ್ದು ಹೆಸರಾದ ದೇಶದ ಬೆರಳೆಣಿಕೆಯ ಊರುಗಳಲ್ಲಿ ಇದೂ ಸೇರಿದೆ. ನೂಲುವವರಲ್ಲಿ, ನೇಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಅವರ ಕೈಬಿಟ್ಟು ಹೊರಟ ಬಟ್ಟೆ ಬಣ್ಣ ಪಡೆದು, ಅಶೋಕಚಕ್ರವನ್ನು ಹೊತ್ತು, ಅವರು ಎಂದೂ ಕಾಣದ ಊರುಗಳ ಮೇಲೆ ಹಾರಾಡಿದೆ. (2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಕೊಟ್ಟದ್ದು ಈ ಕೈಗಳಿಗೆ ಬಿದ್ದ ಪೆಟ್ಟು, ಅದು ಬೇರೆಯೇ ಲೇಖನದ ವಿಷಯ.)

ಬಟ್ಟೆಯಂತೆ ಈಗ ಮಕ್ಕಳೂ ಹೊರಟಿದ್ದಾರೆ. ಧಾರವಾಡ ಸೀಮೆಯ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಉದ್ಯೋಗನಿಮಿತ್ತ ಹೊರದೇಶದಲ್ಲಿರುವ ಮಗನೋ ಮಗಳೋ ಇರುವುದು ಇಂದು ಅಪರೂಪದ ಮಾತಲ್ಲ. ಧರ್ಮಕೇಂದ್ರದ ಕಚೇರಿಯಲ್ಲಿ ಕುಳಿತ ಗುರುವಿಗೆ ಇದು ಕಾಗದಪತ್ರಗಳ ರೂಪದಲ್ಲಿ ಮೊದಲು ತಿಳಿಯುತ್ತದೆ: ಜ್ಞಾನಸ್ನಾನದ ಪ್ರಮಾಣಪತ್ರ ಬೇಕು, ವಿವಾಹಕ್ಕೆ ಅಡ್ಡಿಯಿಲ್ಲವೆಂಬ ಪತ್ರ ಬೇಕು, ಬೇಗ ಬೇಕು. ಏಳೆಂಟು ವರ್ಷ ಕಳೆದ ಮೇಲೆ ಅದೇ ತಂದೆತಾಯಿಗಳು ಬರುವುದು ಬೇರೆ ಅಹವಾಲಿನೊಂದಿಗೆ. ಮೊಮ್ಮಗು ದೂರವಾಣಿಯ ಪರದೆಯ ಮೇಲೆ ಕಾಣಿಸುತ್ತದೆ, ನಗುತ್ತದೆ, ಕೈಬೀಸುತ್ತದೆ. ಆದರೆ ಅಜ್ಜಿಯ ಮಾತು ಅದಕ್ಕೆ ತಿಳಿಯುವುದಿಲ್ಲ, ಅದರ ಮಾತು ಅಜ್ಜಿಗೆ ತಿಳಿಯುವುದಿಲ್ಲ. ನಡುವೆ ಮಗನು ದುಭಾಷಿಯಾಗಿ ನಿಲ್ಲಬೇಕು. ಹಣ ಬರುತ್ತಿದೆ, ಮನೆಗೆ ಆರ್‌ಸಿಸಿ ಬಿದ್ದಿದೆ, ಆದರೂ ಮನೆಯಲ್ಲಿ ಏನೋ ಮುರಿದಿದೆ ಎಂಬ ಭಾವನೆ.

ಪರನಾಡಿಗೆ ಹೋದವರು ಸಂಘ ಕಟ್ಟಿಕೊಳ್ಳುವುದು ಈ ಮುರಿತವನ್ನು ತಡೆಯಲಿಕ್ಕಾಗಿ. ಕನ್ನಡ ಕೂಟ, ಕರ್ನಾಟಕ ಸಂಘ, ಕನ್ನಡ ಬಳಗ ಎಂದು ಜಗತ್ತಿನ ನಾನಾ ಪಟ್ಟಣಗಳಲ್ಲಿ ಅವು ಹುಟ್ಟಿಕೊಂಡಿವೆ. ಅವು ಏನನ್ನು ಮಾಡಬಲ್ಲವು, ಏನನ್ನು ಮಾಡಲಾರವು ಎಂಬುದನ್ನು ವಿಚಾರಿಸುವ ಅಗತ್ಯವಿದೆ. ದಾರ್ಶನಿಕ ಅರಿಸ್ಟಾಟಲನು ಸ್ನೇಹವನ್ನು ಕುರಿತು ಬರೆಯುವಾಗ ಅದನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ: ಸಂತೋಷಕ್ಕಾಗಿ ಸೇರುವುದು, ಪ್ರಯೋಜನಕ್ಕಾಗಿ ಸೇರುವುದು, ಮತ್ತೊಬ್ಬನ ಒಳಿತಿಗಾಗಿ ಸೇರುವುದು. ಮೊದಲೆರಡು ಬೇಗ ಹುಟ್ಟುತ್ತವೆ, ಕಾರಣ ತೀರಿದೊಡನೆ ಬೇಗ ಸಾಯುತ್ತವೆ. ಸಂಘಗಳ ವಿಷಯದಲ್ಲಿಯೂ ಈ ಅಳತೆಗೋಲು ಸರಿಯಾಗಿಯೇ ಹೊಂದುತ್ತದೆ. ಹಾಡು, ಕುಣಿತ, ಊಟಕ್ಕಾಗಿ ಸೇರಿದ ಕೂಟವು ಸಂಜೆಯೊಂದಿಗೆ ಮುಗಿಯುತ್ತದೆ. ಸದಸ್ಯನ ಮೇಲೆ ಒಂದು ಹೊಣೆಯನ್ನು ಹೊರಿಸುವ ಸಂಘ ಮಾತ್ರ ಎರಡನೆಯ ತಲೆಮಾರನ್ನು ಕಾಣುತ್ತದೆ.

ಈ ಮಾತಿಗೆ ಜಗತ್ತಿನಲ್ಲಿ ನಾನು ಬಲ್ಲ ಅತ್ಯಂತ ಒಳ್ಳೆಯ ಉದಾಹರಣೆ ಕನ್ನಡಿಗರದ್ದಲ್ಲ, ಆಫ್ರಿಕದ ಇಗ್ಬೊ ಜನರದ್ದು. ನೈಜೀರಿಯಾದ ಆಗ್ನೇಯ ಭಾಗದಲ್ಲಿ, ನೈಜರ್ ನದಿಯ ಆಸುಪಾಸಿನಲ್ಲಿ ವಾಸಿಸುವ ಈ ಜನರ ಸಂಖ್ಯೆ ಮೂರು ಕೋಟಿಯಷ್ಟಿದೆ ಎಂಬುದು ಅಂದಾಜು. 1885ರಲ್ಲಿ ಪವಿತ್ರಾತ್ಮ ಸಭೆಯ ಗುರುಗಳು ಒನಿಚಾ ಪಟ್ಟಣಕ್ಕೆ ಬಂದಿಳಿದ ನಂತರ ಅಲ್ಲಿ ಕಥೋಲಿಕ ವಿಶ್ವಾಸವು ಎಷ್ಟು ಆಳವಾಗಿ ಬೇರೂರಿತೆಂದರೆ, ಇಂದು ಯೂರೋಪಿನ ಎಷ್ಟೋ ಧರ್ಮಕೇಂದ್ರಗಳಲ್ಲಿ ಬಲಿಪೂಜೆಯನ್ನು ಅರ್ಪಿಸುತ್ತಿರುವವರು ಇಗ್ಬೊ ಗುರುಗಳು. ಹಿಂದಿನಿಂದಲೂ ಇಗ್ಬೊ ಹಳ್ಳಿಗಳಲ್ಲಿ ಅರಸರು ಕಡಿಮೆ; ಊರಿನ ಸಭೆಯೇ ಊರನ್ನು ಆಳಿತು. ಆದ್ದರಿಂದ ಬ್ರಿಟಿಷರ ಕಾಲದಲ್ಲಿ ತರುಣರು ಗುಮಾಸ್ತರಾಗಿ, ರೈಲ್ವೆ ನೌಕರರಾಗಿ, ವ್ಯಾಪಾರಿಗಳಾಗಿ ಲಾಗೋಸ್ ಮೊದಲಾದ ದೂರದ ಪಟ್ಟಣಗಳಿಗೆ ಹೋದಾಗ ತಮ್ಮ ಊರಸಭೆಯನ್ನೂ ಗಂಟುಕಟ್ಟಿಕೊಂಡು ಹೋದರು. ಒಂದೊಂದು ಊರಿನವರದ್ದು ಒಂದೊಂದು ಸಂಘ. ತಿಂಗಳಿಗೊಮ್ಮೆ ಸಭೆ, ಪ್ರತಿ ಸದಸ್ಯನಿಂದ ವಂತಿಗೆ, ತಪ್ಪಿಸಿಕೊಂಡವನಿಗೆ ದಂಡ. ಆ ಹಣದಿಂದ ಊರಿಗೆ ಶಾಲೆ ಬಂತು, ಆಸ್ಪತ್ರೆ ಬಂತು, ರಸ್ತೆ ಬಂತು. ಊರಿನ ಜಾಣ ಹುಡುಗನನ್ನು ಓದಿಸುವುದು ಸಂಘದ ಕೆಲಸ; ಸದಸ್ಯನೊಬ್ಬನು ಪರಸ್ಥಳದಲ್ಲಿ ಸತ್ತರೆ ಶವವನ್ನು ಊರಿಗೆ ಮುಟ್ಟಿಸುವುದೂ ಸಂಘದ ಕೆಲಸ. ಲಂಡನ್ನಿನಲ್ಲಿ, ಅಮೆರಿಕದ ಹ್ಯೂಸ್ಟನ್ನಿನಲ್ಲಿ ಇಂದು ಇರುವ ಇಗ್ಬೊ ಕುಟುಂಬಗಳ ಸಂಘಗಳು ಈ ಬೇರಿನಿಂದಲೇ ಚಿಗುರಿದವು. ಅವರೂ ಹೊಸ ಗೆಣಸಿನ ಹಬ್ಬವನ್ನು ಆಚರಿಸುತ್ತಾರೆ, ಕುಣಿಯುತ್ತಾರೆ. ಆದರೆ ವಂತಿಗೆಯ ಪುಸ್ತಕವನ್ನು ಬಿಟ್ಟಿಲ್ಲ. ಇನ್ನೊಂದು ಪದ್ಧತಿ ನನಗೆ ವಿಶೇಷವಾಗಿ ಹಿಡಿಸಿದೆ. ಪ್ರತಿವರ್ಷ ಆಗಸ್ಟ್ ತಿಂಗಳಲ್ಲಿ, ಹೊರಗಿರುವ ಇಗ್ಬೊ ಹೆಣ್ಣುಮಕ್ಕಳು ತಮ್ಮ ಹಳ್ಳಿಗೆ ಮರಳಿ ಸಭೆ ಸೇರುತ್ತಾರೆ. ಅದರ ಹೆಸರೇ ಆಗಸ್ಟ್ ಸಭೆ. ಜಗಳಗಳು ಅಲ್ಲಿ ತೀರುತ್ತವೆ, ಕಟ್ಟಡಗಳ ಲೆಕ್ಕ ಅಲ್ಲಿ ಆಗುತ್ತದೆ.

ಈ ಸಂಘಗಳ ಬಲ ಪರೀಕ್ಷೆಗೆ ಒಳಗಾದದ್ದು 1966ರಿಂದ 1970ರ ನಡುವೆ. ನೈಜೀರಿಯಾದ ಉತ್ತರಭಾಗದಲ್ಲಿ ಇಗ್ಬೊ ಜನರ ಕಗ್ಗೊಲೆ ನಡೆದಾಗ ಹತ್ತು ಲಕ್ಷಕ್ಕೂ ಮಿಕ್ಕಿದ ಜನ ಪೂರ್ವದ ತಮ್ಮ ಊರುಗಳಿಗೆ ಓಡಿಬಂದರು. ಅವರನ್ನು ಹೆಚ್ಚಾಗಿ ನಿರಾಶ್ರಿತರ ಶಿಬಿರಗಳಲ್ಲಿ ಇಡಬೇಕಾಗಲಿಲ್ಲ. ಬಂಧುಗಳ, ಊರವರ ಮನೆಗಳೇ ತೆರೆದುಕೊಂಡವು. 1967ರ ಮೇ 30ರಂದು ಬಿಯಾಫ್ರಾ ಎಂಬ ಸ್ವತಂತ್ರ ರಾಷ್ಟ್ರದ ಘೋಷಣೆಯಾಗಿ ಯುದ್ಧ ಹೊತ್ತಿಕೊಂಡಿತು. ಹಸಿವಿನಿಂದ ಮಕ್ಕಳು ಸಾಯತೊಡಗಿದಾಗ ಕಥೋಲಿಕ ಕಾರಿತಾಸ್ ಸಂಸ್ಥೆಯೂ ಪ್ರೊಟೆಸ್ಟೆಂಟ್ ಸಭೆಗಳೂ ಕೂಡಿ ಊಲಿ ಎಂಬಲ್ಲಿ ರಸ್ತೆಯನ್ನೇ ವಿಮಾನದ ನೆಲೆಯನ್ನಾಗಿ ಮಾಡಿಕೊಂಡು, ರಾತ್ರಿಯ ಕತ್ತಲಲ್ಲಿ ಸಾವಿರಾರು ಬಾರಿ ಆಹಾರವನ್ನು ಇಳಿಸಿದವು. ನಮ್ಮ ವಯಸ್ಸಿನ ಗುರುಗಳಿಗೆ ಸೆಮಿನರಿಯ ದಿನಗಳಲ್ಲಿ ಆ ಸಾಹಸದ ಕಥೆಯನ್ನು ಹಿರಿಯರು ಹೇಳುತ್ತಿದ್ದರು. 1970ರ ಜನವರಿಯಲ್ಲಿ ಯುದ್ಧ ಮುಗಿಯಿತು. ಬ್ಯಾಂಕಿನಲ್ಲಿ ಎಷ್ಟೇ ಹಣವಿಟ್ಟಿದ್ದ ಇಗ್ಬೊ ಗೃಹಸ್ಥನಿಗೂ ಸರ್ಕಾರ ಮರಳಿಸಿದ್ದು ಇಪ್ಪತ್ತು ಪೌಂಡು ಮಾತ್ರ. ಅಲ್ಲಿಂದ ಅವರು ಮತ್ತೆ ಎದ್ದುನಿಂತದ್ದು ಊರಿನ ಸಂಘಗಳ ಬಲದಿಂದ, ಮತ್ತು ಹಿರಿಯ ವ್ಯಾಪಾರಿಯೊಬ್ಬನು ಬಡ ಹುಡುಗನನ್ನು ವರ್ಷಗಟ್ಟಲೆ ಜೊತೆಗಿಟ್ಟುಕೊಂಡು ಕಸುಬು ಕಲಿಸಿ, ಕೊನೆಗೆ ಬಂಡವಾಳ ಕೊಟ್ಟು ಅಂಗಡಿ ಹಾಕಿಕೊಡುವ ಪದ್ಧತಿಯಿಂದ.

ಆದರೆ ಹೊಣೆಯನ್ನು ಹೊರಿಸುವ ಕೈಯೇ ಕುತ್ತಿಗೆಯನ್ನು ಹಿಸುಕಲೂಬಹುದು. ಇದನ್ನು ಮರೆಮಾಚದೆ ಬರೆದವರು ಇಗ್ಬೊ ಲೇಖಕರಾದ ಚಿನುವ ಅಚೆಬೆ. 1960ರಲ್ಲಿ ಪ್ರಕಟವಾದ ಅವರ ಎರಡನೆಯ ಕಾದಂಬರಿಯಲ್ಲಿ ಲಾಗೋಸಿನ ಊರ ಸಂಘವು ತನ್ನ ಬಡ ಸದಸ್ಯರಿಂದ ಎಂಟುನೂರು ಪೌಂಡುಗಳನ್ನು ಕೂಡಿಸಿ ಒಬ್ಬ ತರುಣನನ್ನು ಇಂಗ್ಲೆಂಡಿನಲ್ಲಿ ಓದಿಸುತ್ತದೆ. ಹಣ ಸಾಲ, ಅವನು ತೀರಿಸಬೇಕು. ಮರಳಿ ಬಂದ ಅವನು ಪ್ರೀತಿಸಿದ ಹುಡುಗಿ 'ಓಸು' ಎಂಬ, ಅಸ್ಪೃಶ್ಯರಂತೆ ದೂರವಿಡಲ್ಪಟ್ಟ ವರ್ಗಕ್ಕೆ ಸೇರಿದವಳು. ಓದಿಸಿದ ಸಂಘವೇ ಆಗ ಅವನ ಎದುರು ನಿಲ್ಲುತ್ತದೆ. ಓಸು ಪದ್ಧತಿಯನ್ನು 1956ರಲ್ಲಿಯೇ ಕಾನೂನಿನಿಂದ ರದ್ದುಮಾಡಲಾಗಿತ್ತು. ಕಾನೂನು ಮನೆಯ ಹೊಸ್ತಿಲನ್ನು ದಾಟಲು ಎಷ್ಟು ಕಾಲ ಬೇಕೆಂಬುದನ್ನು ನಮ್ಮ ನಾಡಿನವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಧರ್ಮಸಭೆಯೂ ಇದರಿಂದ ಹೊರತಾಗಿಲ್ಲ. 2012ರಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಇಗ್ಬೊ ನಾಡಿನ ಅಹಿಯಾರಾ ಧರ್ಮಪ್ರಾಂತ್ಯಕ್ಕೆ ಪೀಟರ್ ಒಕ್ಪಲೆಕೆ ಅವರನ್ನು ಧರ್ಮಾಧ್ಯಕ್ಷರನ್ನಾಗಿ ನೇಮಿಸಿದರು. ಅವರೂ ಇಗ್ಬೊ, ಅವರ ಭಾಷೆಯೂ ಅದೇ. ಆದರೆ ಅವರು ಆ ಸೀಮೆಯ ಮಗನಲ್ಲ ಎಂಬ ಕಾರಣಕ್ಕೆ ಅಲ್ಲಿಯ ಗುರುಗಳೂ ಭಕ್ತರೂ ಅವರನ್ನು ಒಳಗೆ ಬಿಡಲಿಲ್ಲ. ಅವರ ದೀಕ್ಷೆಯನ್ನು ಧರ್ಮಪ್ರಾಂತ್ಯದ ಹೊರಗೆ ನಡೆಸಬೇಕಾಯಿತು. 2017ರಲ್ಲಿ ಜಗದ್ಗುರು ಫ್ರಾನ್ಸಿಸರು ಅಲ್ಲಿಯ ಪ್ರತಿಯೊಬ್ಬ ಗುರುವೂ ಮೂವತ್ತು ದಿನಗಳೊಳಗೆ ಕ್ಷಮೆ ಕೋರಿ ತಮಗೆ ಪತ್ರ ಬರೆಯಬೇಕೆಂದು ಆಜ್ಞಾಪಿಸಿದರು. ಪತ್ರಗಳು ಹೋದವು, ಗಾಯ ಮಾಯಲಿಲ್ಲ. 2018ರ ಫೆಬ್ರವರಿಯಲ್ಲಿ ಅವರ ರಾಜೀನಾಮೆ ಅಂಗೀಕಾರವಾಯಿತು. ಮುಂದೆ ಬೇರೊಂದು ಧರ್ಮಪ್ರಾಂತ್ಯಕ್ಕೆ ನೇಮಕಗೊಂಡ ಅವರನ್ನು 2022ರಲ್ಲಿ ಅದೇ ಜಗದ್ಗುರುಗಳು ಕಾರ್ಡಿನಲರನ್ನಾಗಿ ಮಾಡಿದರು. ಊರಿನ ಅಭಿಮಾನವು ಒಂದು ಹೆಜ್ಜೆ ಮುಂದೆ ಹೋದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಹೊಳೆಯುತ್ತಿಲ್ಲ.

ಆಫ್ರಿಕದ ಮಾತು ಬಂದಾಗ ನಮ್ಮ ನೆರೆಯನ್ನು ಮರೆಯಬಾರದು. ಧಾರವಾಡದ ಪಶ್ಚಿಮಕ್ಕೂ ದಕ್ಷಿಣಕ್ಕೂ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚುಗಳಲ್ಲಿರುವ ಸಿದ್ದಿ ಬಾಂಧವರ ಪೂರ್ವಜರೂ ಆಫ್ರಿಕದವರೇ. ಆದರೆ ಅವರು ಬಂದದ್ದು ಉದ್ಯೋಗ ಅರಸಿಯಲ್ಲ; ಹೆಚ್ಚಿನವರನ್ನು ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರನ್ನಾಗಿ ತರಲಾಯಿತು. ಊರಿನವರೊಡನೆ ಸೇರಿ ಸಂಘ ಕಟ್ಟಲು ಗುಲಾಮನಿಗೆ ಊರೆಲ್ಲಿ? ತಂದ ಭಾಷೆಗಳು ಅಳಿದುಹೋದವು. ಇಂದು ಅವರ ಮನೆಮಾತು ಕೊಂಕಣಿ, ಹೊರಮಾತು ಕನ್ನಡ. ಅವರಲ್ಲಿ ಕಥೋಲಿಕರಿದ್ದಾರೆ, ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ. ಉಳಿದದ್ದು ಎರಡು: ಡಮಾಮಿಯ ಬಡಿತ, ಮತ್ತು ಮೂರೂ ಮತದವರು ತಮ್ಮ ಹಿರಿಯರನ್ನು ನೆನೆಯುವ ರೂಢಿ. ಕರ್ನಾಟಕದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರಕಿದ್ದು 2003ರಲ್ಲಿ. ಪರನಾಡಿನಲ್ಲಿ ಒಂದು ಜನಾಂಗಕ್ಕೆ ಕೂಡಿ ಕುಳಿತುಕೊಳ್ಳುವ ಅವಕಾಶವೇ ಇಲ್ಲದೆ ಹೋದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ನಾವು ಹಡಗು ಹತ್ತಬೇಕಾಗಿಲ್ಲ, ಹಳಿಯಾಳದ ಬಸ್ಸು ಹತ್ತಿದರೆ ಸಾಕು.

ಇನ್ನು ಕನ್ನಡಿಗರ ಸಂಘದ ಕಥೆ. ಅದು ಹೊರದೇಶದಲ್ಲಿ ಆರಂಭವಾಗಲಿಲ್ಲ, ಧಾರವಾಡದಲ್ಲಿ ಆರಂಭವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಭಾಗವು ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಕಚೇರಿಯಲ್ಲಿ, ಶಾಲೆಯಲ್ಲಿ ಮರಾಠಿಯದೇ ಮೇಲುಗೈ. ಕನ್ನಡಿಗನು ತನ್ನ ಹೊಲದಲ್ಲಿಯೇ ನಿಂತು ಪರದೇಶಿಯಾಗಿದ್ದನು. ಡೆಪ್ಯುಟಿ ಚನ್ನಬಸಪ್ಪನವರು ಶಾಲಾ ಇಲಾಖೆಯಲ್ಲಿದ್ದುಕೊಂಡು ಕನ್ನಡ ಶಾಲೆಗಳಿಗಾಗಿ ಶ್ರಮಿಸಿದರು. 1890ರ ಜುಲೈ 20ರಂದು ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು. ಅದರ ಹೆಸರನ್ನು ಗಮನಿಸಿರಿ. ಅದು ಉತ್ಸವದ ಸಂಘವಲ್ಲ, ವಿದ್ಯೆಯನ್ನು ವರ್ಧಿಸುವ ಸಂಘ. ಪುಸ್ತಕ ಬರೆಸುವುದು, ಬರೆದವರಿಗೆ ಬಹುಮಾನ ಕೊಡುವುದು, 'ವಾಗ್ಭೂಷಣ' ಪತ್ರಿಕೆಯನ್ನು ಹೊರಡಿಸುವುದು ಅದರ ಕೆಲಸಗಳಾಗಿದ್ದವು. 1956ರ ನವೆಂಬರ್ 1ರಂದು ಕನ್ನಡದ ಸೀಮೆಗಳು ಒಂದಾದದ್ದರ ಹಿಂದೆ ಆಲೂರು ವೆಂಕಟರಾಯರಂಥವರ ದುಡಿಮೆಯಿತ್ತು. ಆ ದುಡಿಮೆಗೆ ನೆಲೆ ಕೊಟ್ಟದ್ದು ಈ ಸಂಘ. ಅದೇ ಕಾಲದಲ್ಲಿ ಜರ್ಮನಿಯಿಂದ ಬಂದ ಪ್ರೊಟೆಸ್ಟೆಂಟ್ ಬೋಧಕರಾದ ಕಿಟೆಲ್ಲರು ಧಾರವಾಡ, ಮಂಗಳೂರುಗಳಲ್ಲಿ ಕುಳಿತು ಸಿದ್ಧಪಡಿಸಿದ ಕನ್ನಡ ನಿಘಂಟು 1894ರಲ್ಲಿ ಹೊರಬಂದಿತು. ಪರದೇಶಿಯೊಬ್ಬನು ನಮ್ಮ ಭಾಷೆಯನ್ನು ತನ್ನದಾಗಿಸಿಕೊಂಡ, ನಾವೇ ನಮ್ಮ ಭಾಷೆಗೆ ಪರದೇಶಿಗಳಾಗಿದ್ದ ಕಾಲವದು.

ಹೊಟ್ಟೆಪಾಡಿಗಾಗಿ ಮುಂಬಯಿಗೆ ಹೋದ ಕರಾವಳಿಯವರು ಸಂಘಗಳ ಇತಿಹಾಸದಲ್ಲಿ ಅತ್ಯುತ್ತಮ ಅಧ್ಯಾಯವನ್ನು ಬರೆದರು ಎಂಬುದು ನನ್ನ ಅಭಿಪ್ರಾಯ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಮೈಸೂರು ಅಸೋಸಿಯೇಶನ್ 1926ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಶನ್ 1932ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಅಲ್ಲಿ ಹುಟ್ಟಿದವು. ಇವುಗಳಲ್ಲಿ ಕೆಲವಕ್ಕೆ ಜಾತಿಯ ಹೆಸರಿದೆ ಎಂದು ಮೂಗುಮುರಿಯುವವರಿದ್ದಾರೆ. ಆ ಆಕ್ಷೇಪಣೆಗೆ ಅರ್ಥವಿಲ್ಲವೆಂದು ಹೇಳಲಾರೆ. ಆದರೆ ರಾತ್ರಿಶಾಲೆಗಳನ್ನು ಮಾತ್ರ ಯಾರೂ ಅಲ್ಲಗಳೆಯುವಂತಿಲ್ಲ. ಊರಿನಲ್ಲಿ ಏಳನೆಯ ಇಯತ್ತೆಯನ್ನೂ ಮುಗಿಸದೆ ಬಸ್ಸು ಹತ್ತಿದ ಹುಡುಗರು ಉಡುಪಿ ಹೋಟೆಲುಗಳಲ್ಲಿ ಬೆಳಗಿನಿಂದ ಲೋಟ ತೊಳೆದು, ಮೇಜು ಒರಸಿ, ಸಂಜೆಯಾದೊಡನೆ ಒದ್ದೆ ಕೈಗಳನ್ನು ಅಂಗಿಗೆ ಒರಸಿಕೊಂಡು ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತರು. ಕಲಿಸಿದವರು ಹಗಲಿನಲ್ಲಿ ಬ್ಯಾಂಕಿನಲ್ಲೋ ಕಚೇರಿಯಲ್ಲೋ ದುಡಿದು ಬಂದವರು. ಹೀಗೆ ಎಸ್ಸೆಸ್ಸಿ ಮುಗಿಸಿ ಗುಮಾಸ್ತರಾದವರು, ವಕೀಲರಾದವರು, ತಮ್ಮದೇ ಹೋಟೆಲು ಇಟ್ಟವರು ಎಷ್ಟೋ ಮಂದಿ. ಆ ಹುಡುಗರು ಇಲ್ಲವಾದಂತೆ ಆ ಶಾಲೆಗಳಲ್ಲಿ ಹಲವು ಮುಚ್ಚಿಹೋದವು. ಅದು ದುಃಖದ ಸಂಗತಿಯಲ್ಲ. ಕೆಲಸ ಮುಗಿಸಿ ಮುಚ್ಚಿದ ಶಾಲೆ ಅದು.

ಅದೇ ಮುಂಬಯಿಯಲ್ಲಿ ಗೋವೆಯ ಕಥೋಲಿಕರ 'ಕೂಡ್' ಎಂಬ ವಸತಿಮನೆಗಳಿದ್ದವು, ಧೋಬಿ ತಲಾವಿನ ಸುತ್ತಮುತ್ತ ಇಂದಿಗೂ ಕೆಲವು ಉಳಿದಿವೆ. ಒಂದೊಂದು ಹಳ್ಳಿಗೆ ಒಂದೊಂದು ಕೂಡ್. ಹಡಗಿನ ಕೆಲಸಕ್ಕೆ ಹೊರಟವನು ಹಡಗು ಸಿಗುವವರೆಗೆ ಅಲ್ಪ ಬಾಡಿಗೆಗೆ ಅಲ್ಲಿ ತಂಗಬಹುದು. ಗೋಡೆಗೆ ಒರಗಿಸಿಟ್ಟ ಪೆಟ್ಟಿಗೆಗಳ ಸಾಲು, ಊರಿನ ಪಾಲಕ ಸಂತನ ಪೀಠ, ಸಂಜೆಯ ಜಪಸರ. ಜಪಸರಕ್ಕೆ ತಪ್ಪದೆ ಹಾಜರಿರಬೇಕೆಂಬ ನಿಯಮವಿತ್ತು. ಕಟ್ಟುನಿಟ್ಟು ಹೆಚ್ಚಾಯಿತೆಂದು ಇಂದಿನ ತರುಣರಿಗೆ ಅನಿಸಬಹುದು. ಆದರೆ ಹದಿನೆಂಟರ ಹುಡುಗನೊಬ್ಬನು ಮಹಾನಗರದಲ್ಲಿ ಕಳೆದುಹೋಗದೆ ಹಡಗು ಹತ್ತಿದ್ದರೆ, ಆ ಸಂಜೆಯ ಹಾಜರಿಗೆ ಅದರಲ್ಲಿ ಪಾಲಿತ್ತು.

ಸಮುದ್ರದಾಚೆಗಿನ ಕನ್ನಡ ಸಂಘಗಳು ನಂತರದವು. ಬಹರೈನಿನ ಕನ್ನಡ ಸಂಘ 1977ರದ್ದು. ಸಿಂಗಪುರದ ಸಂಘ 1996ರದ್ದು. ಅಮೆರಿಕದ ಕನ್ನಡ ಕೂಟಗಳು ಕೂಡಿಕೊಂಡು 'ಅಕ್ಕ' ಎಂಬ ಒಕ್ಕೂಟವನ್ನು 1998ರಲ್ಲಿ ಮಾಡಿಕೊಂಡವು, 2000ದಿಂದ ಎರಡು ವರ್ಷಕ್ಕೊಮ್ಮೆ ದೊಡ್ಡ ಸಮ್ಮೇಳನಗಳನ್ನು ನಡೆಸುತ್ತ ಬಂದವು. ಈ ಸಮ್ಮೇಳನಗಳಿಗೆ ಇಲ್ಲಿಂದ ಮಂತ್ರಿಗಳು, ಚಿತ್ರನಟರು, ಗಾಯಕರು ವಿಮಾನ ತುಂಬಿ ಹೋದದ್ದನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಪಂಪ, ಬಸವಣ್ಣ, ಕುವೆಂಪು ಎಂಬ ಹೆಸರುಗಳು ವೇದಿಕೆಗಳ ಮೇಲೆ ಮೊಳಗುತ್ತವೆ. ಒಳ್ಳೆಯದೇ. ಆದರೆ ವೇದಿಕೆಯ ಮುಂದೆ ಕುಳಿತ ಹತ್ತು ವರ್ಷದ ಮಗು ತನ್ನ ತಾಯಿಯನ್ನು ಯಾವ ಭಾಷೆಯಲ್ಲಿ ನೀರು ಕೇಳಿತು ಎಂಬುದರಲ್ಲಿ ಸಮ್ಮೇಳನದ ಫಲವಿದೆ. ಅರಿಸ್ಟಾಟಲನ ಮೊದಲ ಬಗೆಯ ಸ್ನೇಹ ಅಲ್ಲಿ ಧಾರಾಳವಾಗಿದೆ, ಮೂರನೆಯದನ್ನು ಹುಡುಕಬೇಕು.

ಹುಡುಕಿದರೆ ಸಿಗುತ್ತದೆ. 2014ರಲ್ಲಿ ದುಬೈಯ ಕೆಲವು ಕನ್ನಡಿಗರು ಒಂದು ಪಾಠಶಾಲೆಯನ್ನು ತೆರೆದರು. ಶುಲ್ಕವಿಲ್ಲ, ಕಲಿಸುವವರಿಗೆ ಸಂಬಳವಿಲ್ಲ. ವಾರಕ್ಕೊಮ್ಮೆ ರಜೆಯ ದಿನ ಮಕ್ಕಳು ಬಂದು ಅ, ಆ, ಇ, ಈ ತಿದ್ದುತ್ತಾರೆ. ಅಮೆರಿಕದ ಹಲವು ಊರುಗಳಲ್ಲಿ ಕನ್ನಡ ಕಲಿಕೆಯ ಇಂಥ ತರಗತಿಗಳು ನಡೆಯುತ್ತಿವೆ. ಮುಂಬಯಿಯ ರಾತ್ರಿಶಾಲೆಗೆ ಇವೇ ನಿಜವಾದ ವಾರಸುದಾರರು. 2020ರ ಮಹಾಮಾರಿಯ ಕಾಲದಲ್ಲಿ ಕೊಲ್ಲಿಯ ದೇಶಗಳ ನಮ್ಮ ಸಂಘಗಳು ತಮ್ಮ ಇನ್ನೊಂದು ಮುಖವನ್ನೂ ತೋರಿದವು. ಕೆಲಸ ಕಳೆದುಕೊಂಡವರಿಗೆ ಅಕ್ಕಿ, ಬೇಳೆ ಮುಟ್ಟಿಸುವುದು, ಗರ್ಭಿಣಿಯರ ಮತ್ತು ರೋಗಿಗಳ ಪಟ್ಟಿ ಮಾಡುವುದು, ಊರಿಗೆ ಮರಳುವ ವಿಮಾನಕ್ಕಾಗಿ ಅಧಿಕಾರಿಗಳ ಬೆನ್ನುಹತ್ತುವುದು ಅವರ ಪಾಲಿಗೆ ಬಂದ ಕೆಲಸವಾಗಿತ್ತು. ಆ ವರ್ಷದ ಮೇ 12ರಂದು ದುಬೈಯಿಂದ ಮಂಗಳೂರಿಗೆ ವಂದೇ ಭಾರತ್ ಯೋಜನೆಯ ಮೊದಲ ವಿಮಾನ ಬಂದಿಳಿಯಿತು.

2022ರ ಮೇ ತಿಂಗಳಲ್ಲಿ ಕೆನಡಾದ ಸಂಸತ್ತಿನಲ್ಲಿ ಕನ್ನಡ ಕೇಳಿಸಿತು. ಆಗ ಅಲ್ಲಿಯ ಸಂಸದರಾಗಿದ್ದ ಚಂದ್ರ ಆರ್ಯ ಅವರು ತುಮಕೂರು ಜಿಲ್ಲೆಯ ಸಿರಾ ತಾಲ್ಲೂಕಿನವರು, ಎಂ.ಬಿ.ಎ. ಓದಿದ್ದು ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಕೌಸಾಳಿ ಸಂಸ್ಥೆಯಲ್ಲಿ. ಧಾರವಾಡದವರು ಹೆಮ್ಮೆಪಟ್ಟರು. ಹೆಮ್ಮೆ ಸಹಜ, ಆದರೆ ಅದೇ ದಿನ ಹುಬ್ಬಳ್ಳಿ-ಧಾರವಾಡದ ಎಷ್ಟು ಮನೆಗಳಲ್ಲಿ ಮಕ್ಕಳು ಆ ಸುದ್ದಿಯನ್ನು ಕನ್ನಡ ಪತ್ರಿಕೆಯಲ್ಲಿ ತಾವಾಗಿ ಓದಬಲ್ಲವರಾಗಿದ್ದರು? ದೂರದೇಶವೊಂದೇ ಭಾಷೆಯನ್ನು ಕೊಲ್ಲುವುದಿಲ್ಲ. ಲಾಗೋಸಿನಲ್ಲಿಯೂ ಓದಿದ ಇಗ್ಬೊ ತಂದೆತಾಯಿಗಳು ಮನೆಯಲ್ಲಿ ಮಕ್ಕಳೊಡನೆ ಇಂಗ್ಲಿಷಿನಲ್ಲಿಯೇ ಮಾತಾಡುತ್ತಾರೆ. ಎರಡು ಭಾಷೆಗಳಿಂದ ಮಗುವಿಗೆ ಗೊಂದಲವಾಗುತ್ತದೆ ಎಂಬ ಮಾತನ್ನು ನಾನು ಧರ್ಮಕೇಂದ್ರದ ಜಗಲಿಯಲ್ಲಿ ಕೇಳಿದ್ದೇನೆ. ಮಂಗಳೂರಿನ ಕಥೋಲಿಕ ಮಗು ಮನೆಯಲ್ಲಿ ಕೊಂಕಣಿ, ಅಂಗಳದಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತು ತಲೆಮಾರುಗಳೇ ಕಳೆದಿವೆ. ಗೊಂದಲಕ್ಕೊಳಗಾದ ಒಂದು ಮಗುವನ್ನೂ ನಾನು ಕಂಡಿಲ್ಲ. ಹಾಗೆಂದು ವಾರಕ್ಕೆ ಎರಡು ತಾಸಿನ ತರಗತಿ ಪವಾಡ ಮಾಡಲಾರದು. ಕಿವಿಗೆ ಬೀಳದ ಭಾಷೆಯ ಅಕ್ಷರವನ್ನು ತಿದ್ದುವುದು ರಾಗ ಕೇಳದೆ ಸ್ವರಲಿಪಿ ಓದಿದಂತೆ. ಅಡುಗೆಮನೆಯಲ್ಲಿ ಕನ್ನಡವಿದ್ದರೆ ಮಾತ್ರ ಪಾಠಶಾಲೆಯ ಕನ್ನಡ ನಿಲ್ಲುತ್ತದೆ.

ನಮ್ಮ ಕಥೋಲಿಕ ಕುಟುಂಬಗಳಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಹೊರದೇಶದಲ್ಲಿ ಅವರು ಮೊದಲು ಹುಡುಕುವುದು ದೇವಾಲಯವನ್ನು. ಅದು ಸರಿಯೇ. 1952ರಲ್ಲಿ ಜಗದ್ಗುರು ಹನ್ನೆರಡನೆಯ ಭಕ್ತಿನಾಥರು ವಲಸೆ ಹೋದ ಕುಟುಂಬಗಳ ಕುರಿತು ಹೊರಡಿಸಿದ ಧರ್ಮಾಜ್ಞೆಯು, ಅವರಿಗೆ ಅವರ ಭಾಷೆಯನ್ನು ಬಲ್ಲ ಗುರುಗಳು ದೊರಕಬೇಕೆಂದು ವಿಧಿಸಿತು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಜನಭಾಷೆಗಳಿಗೆ ಪೂಜಾಪೀಠದ ಬಾಗಿಲನ್ನು ತೆರೆಯಿತು. ಆದುದರಿಂದ ದುಬೈಯ ಸಂತ ಮರಿಯಮ್ಮನವರ ದೇವಾಲಯದಲ್ಲಿ ಇಂಗ್ಲಿಷ್ ಅಲ್ಲದೆ ಮಲಯಾಳಂ, ಕೊಂಕಣಿ, ತಗಾಲೋಗ್ ಮೊದಲಾದ ಭಾಷೆಗಳಲ್ಲಿ ಬಲಿಪೂಜೆಗಳು ನಡೆಯುತ್ತ ಬಂದಿವೆ. ಕೊಂಕಣಿ ಮನೆಮಾತಿನವರಿಗೆ ಅದು ತವರು. ಕನ್ನಡವೊಂದನ್ನೇ ಬಲ್ಲ ನಮ್ಮ ಬಯಲುಸೀಮೆಯ ಕುಟುಂಬ ಇಂಗ್ಲಿಷ್ ಪೂಜೆಯ ಹಿಂದಿನ ಬೆಂಚಿನಲ್ಲಿ ಕುಳಿತು ಬರುತ್ತದೆ. ಅವರನ್ನು ಕನ್ನಡ ಕೂಟಕ್ಕೆ ಹೋಗುವಿರಾ ಎಂದು ಕೇಳಿದರೆ, ಅಲ್ಲಿ ಗಣೇಶೋತ್ಸವ, ಯುಗಾದಿಗಳೇ ಹೆಚ್ಚು, ನಾವು ಅಲ್ಲಿಯವರಲ್ಲ ಎಂಬ ಸಂಕೋಚ. ಈ ಸಂಕೋಚವನ್ನು ನಾನು ಒಪ್ಪುವುದಿಲ್ಲ. ಹದಿನೇಳನೆಯ ಶತಮಾನದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಗುರು ಚಿನ್ನಮಿಯವರು ಕನ್ನಡ ಕಲಿತು ಕನ್ನಡದಲ್ಲಿ ಬರೆದ ಕಾಲದಿಂದ ಈ ಭಾಷೆ ನಮ್ಮ ಪ್ರಾರ್ಥನೆಯ ಭಾಷೆಯಾಗಿದೆ. ಕೂಟಕ್ಕೆ ನಾವು ಅತಿಥಿಗಳಾಗಿ ಹೋಗಬೇಕಾಗಿಲ್ಲ. ಕ್ರಿಸ್ಮಸ್ ಕಾಲದಲ್ಲಿ ಅಲ್ಲಿ ಒಂದು ಕನ್ನಡ ಗೀತೆಯನ್ನು ಹಾಡುವವರು ಯಾರೂ ಇಲ್ಲವಾದರೆ ತಪ್ಪು ಕೂಟದ್ದು ಮಾತ್ರವಲ್ಲ. ಕೂಟದ ಹಿರಿಯರೂ ಒಂದು ಮಾತನ್ನು ನೆನಪಿಡಬೇಕು: ಅಹಿಯಾರಾದ ಬಾಗಿಲು ಕಬ್ಬಿಣದ್ದಾಗಿರಲಿಲ್ಲ, 'ನಮ್ಮವನಲ್ಲ' ಎಂಬ ಒಂದು ಶಬ್ದದ್ದಾಗಿತ್ತು.

ಬಾಬಿಲೋನಿಯಾಕ್ಕೆ ಸೆರೆಹೋದ ತನ್ನ ಜನರಿಗೆ ಪ್ರವಾದಿ ಯೆರೆಮೀಯನು ಬರೆದ ಪತ್ರ ಪವಿತ್ರ ಗ್ರಂಥದಲ್ಲಿದೆ. ಅಳುತ್ತ ಕುಳಿತುಕೊಳ್ಳಿರಿ ಎಂದು ಅವನು ಬರೆಯಲಿಲ್ಲ. ಮನೆ ಕಟ್ಟಿರಿ, ತೋಟ ಹಾಕಿರಿ, ಮಕ್ಕಳ ಮದುವೆ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂಬುದು ಅದರ ತಾತ್ಪರ್ಯ. ಬೇಗ ಮರಳುತ್ತೀರಿ ಎಂದು ಸುಳ್ಳು ಭರವಸೆ ಕೊಡುವವರನ್ನು ನಂಬಬೇಡಿರಿ ಎಂದೂ ಅವನು ಎಚ್ಚರಿಸಿದ. ಹೊರಗೆ ಹೋದ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಮರಳುವುದಿಲ್ಲ. ಈ ಸತ್ಯವನ್ನು ತಂದೆತಾಯಿಗಳು ಒಳಗೊಳಗೆ ಬಲ್ಲರು. ಇಗ್ಬೊ ಜನರ ಧನ್ಯ ಸಿಪ್ರಿಯನ್ ಮೈಕೆಲ್ ಇವೆನೆ ತಾನ್ಸಿಯವರು ಗುರುಗಳಾಗಿ ತಮ್ಮ ನಾಡಿನಲ್ಲಿ ದುಡಿದು, ನಂತರ ಇಂಗ್ಲೆಂಡಿನ ಮೌನವ್ರತಿಗಳ ಮಠವನ್ನು ಸೇರಿ, 1964ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರಿಂದ ಜ್ಞಾನಸ್ನಾನ ಪಡೆದ ಬಾಲಕನೊಬ್ಬನು ಮುಂದೆ ಕಾರ್ಡಿನಲ್ ಅರಿಂಜೆಯಾದನು. ತಾನ್ಸಿಯವರ ಅಸ್ಥಿಗಳನ್ನು ಅವರ ಜನ ಬಿಡಲಿಲ್ಲ. 1986ರಲ್ಲಿ ಊರಿಗೆ ತಂದರು. 1998ರ ಮಾರ್ಚ್ 22ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಅಲ್ಲಿಗೇ ಬಂದು ಅವರನ್ನು ಧನ್ಯರೆಂದು ಸಾರಿದರು.

ಕೊಲ್ಲಿಯ ಶಾಲೆಗಳಿಗೆ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ರಜೆ. ಆ ಕಾಲಕ್ಕೆ ಮೊಮ್ಮಕ್ಕಳು ಇಲ್ಲಿಗೆ ಬರುತ್ತಾರೆ, ಮಳೆ ಹಿಡಿದಿರುವುದರಿಂದ ಮನೆಯಲ್ಲಿಯೇ ಇರುತ್ತಾರೆ. ಇಗ್ಬೊ ತಾಯಂದಿರ ಆಗಸ್ಟ್ ಸಭೆಯಂತೆ ನಾವೂ ಒಂದನ್ನು ಮಾಡಿನೋಡಬಹುದು. ಆ ಎರಡು ತಿಂಗಳು ಭಾನುವಾರದ ಪೂಜೆಯ ನಂತರ ಒಂದು ತಾಸು ಧರ್ಮಕೇಂದ್ರದ ಸಭಾಂಗಣದಲ್ಲಿ ಅಜ್ಜ ಅಜ್ಜಿಯರು ಕುಳಿತು ಮಕ್ಕಳಿಗೆ ಕನ್ನಡ ಓದಿಸಲಿ. ಶುಭಸಂದೇಶದ ಒಂದು ಸಾಮತಿಯಿಂದ ಆರಂಭಿಸಬಹುದು. ಸ್ಲೇಟು, ಬಳಪ, ಕಾಗುಣಿತದ ಪುಸ್ತಕಗಳನ್ನು ಧರ್ಮಕೇಂದ್ರ ಒದಗಿಸುತ್ತದೆ. ಕಲಿಸಲು ಬರುವ ಹಿರಿಯರು ಪೂಜೆ ಮುಗಿದ ಮೇಲೆ ಕಚೇರಿಯಲ್ಲಿ ಹೆಸರು ಬರೆಸಬೇಕು. ಕನ್ನಡಕ ಮರೆಯದೆ ತರಬೇಕು.